ಅರ್ಧ ಪ್ರದಕ್ಷಿಣೆ

ಪ್ರಯಾಣದಲ್ಲಿ ಎರಡು ಬಗೆಗಳುಂಟು. ಒಂದು, ಮತ್ತೊಬ್ಬರು ನಡೆಸುವ ವಾಹನದಲ್ಲಿ ಕುಳಿತು ಹೋಗುವುದು. ಇನ್ನೊಂದು, ವಾಹನವನ್ನು ತಾನೇ ನಡೆಸಿಕೊಂಡು ಹೋಗುವುದು. ರೈಲಿನಲ್ಲಿಯೂ ವಿಮಾನದಲ್ಲಿಯೂ ಕುಳಿತವನಿಗೆ ಟಿಕೆಟ್ಟನ್ನು ಕೊಳ್ಳುವವರೆಗೆ ಮಾತ್ರ ಕರ್ತೃತ್ವ. ಆಮೇಲೆ ಅವನೂ ಅವನ ಪೆಟ್ಟಿಗೆಯೂ ಸಮಾನ. ತಾನೇ ಗಾಡಿಯನ್ನು ನಡೆಸುವವನಾದರೋ ರಥಿಯೂ ಹೌದು, ಸಾರಥಿಯೂ ಹೌದು. ಕಠೋಪನಿಷತ್ತು ಬುದ್ಧಿಯನ್ನು ಸಾರಥಿಯ ಸ್ಥಾನದಲ್ಲಿಯೂ ಮನಸ್ಸನ್ನು ಕಡಿವಾಣದ ಸ್ಥಾನದಲ್ಲಿಯೂ ಇಟ್ಟಿರುವುದನ್ನು ಬಲ್ಲವರಿಗೆ, ಈ ಎರಡನೆಯ ಬಗೆಯ ಪ್ರಯಾಣದಲ್ಲಿ ಪರೀಕ್ಷೆಗೆ ಒಳಗಾಗುವುದು ಗಾಡಿಯೊಂದೇ ಅಲ್ಲವೆಂಬುದು ಬೇಗ ತಿಳಿಯುತ್ತದೆ. ಅದರಲ್ಲಿಯೂ ಕಡಲನ್ನು ದಾಟಿ, ಭಾಷೆ ಬಾರದ ದೇಶಕ್ಕೆ ಒಂಟಿಯಾಗಿ ಹೋಗಿ, ಅಲ್ಲಿ ಪರರ ಗಾಡಿಯ ಚಕ್ರವನ್ನು ಹಿಡಿಯುವುದೆಂದರೆ ಪರೀಕ್ಷೆಯು ಪೂರ್ಣವಾದಂತೆಯೇ.

ನಮ್ಮ ಹಿರಿಯರು ಇಂತಹ ಪರೀಕ್ಷೆಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಅದೇ ಗ್ರಂಥವು ಉತ್ತರದೇಶದವರಲ್ಲಿ ಆ ರೂಢಿ ಉಂಟೆಂಬುದನ್ನೂ ಹೇಳಿದೆ. ನಿಷೇಧವಿದ್ದ ಕಡೆಯಲ್ಲಿಯೇ ಆಚರಣೆಯೂ ಇದ್ದಿತೆಂದು ಇದರಿಂದ ಊಹಿಸಬಹುದು. 1888ರಲ್ಲಿ ವಿಲಾಯಿತಿಗೆ ಹೊರಟ ಗಾಂಧಿಯವರನ್ನು ಅವರ ಜಾತಿಯವರು ಬಹಿಷ್ಕರಿಸಿದರು. ಈಗ ಆ ಕಟ್ಟುಗಳೆಲ್ಲವೂ ಸಡಿಲಿವೆ. ಮಕ್ಕಳು ಪರದೇಶಗಳಲ್ಲಿ ನೆಲಸಿದ್ದಾರೆ; ಮೊಮ್ಮಕ್ಕಳನ್ನು ನೋಡಿಕೊಳ್ಳಲು ತಾಯಿಯರು ವರ್ಷಕ್ಕೊಮ್ಮೆ ಸಪ್ತಸಮುದ್ರಗಳನ್ನು ದಾಟಿ ಬರುತ್ತಾರೆ. ಆದರೂ ಅವರ ಆ ಪ್ರಯಾಣವು ಒಂದು ಅಡಿಗೆಯ ಮನೆಯಿಂದ ಮತ್ತೊಂದು ಅಡಿಗೆಯ ಮನೆಗೆ ಆಗುವ ಪ್ರಯಾಣವೇ ವಿನಾ ಬೇರೆಯಲ್ಲ. ಯಾರ ಮನೆಗೂ ಅಲ್ಲದೆ, ಯಾರ ಕೆಲಸಕ್ಕೂ ಅಲ್ಲದೆ, ನೋಡಬೇಕೆಂಬ ಒಂದೇ ಆಸೆಯಿಂದ ಹೆಂಗಸೊಬ್ಬರು ಕಡಲಾಚೆಗೆ ಹೊರಟರೆ ಇಂದಿಗೂ ಬಂಧುವರ್ಗದಲ್ಲಿ ಹುಬ್ಬುಗಳು ಮೇಲೇರುತ್ತವೆ.

ಹಾಗೆ ಹುಬ್ಬೇರಿಸಿಕೊಂಡವರ ನಡುವೆ ಹೊರಟವರು, ಜಿಲ್ಲೆಯ ಕೇಂದ್ರಸ್ಥಾನದ ಬಾಲಿಕೆಯರ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳ ಕಾಲ ಭೂಗೋಳವನ್ನು ಪಾಠ ಹೇಳಿ ವಿಶ್ರಾಂತರಾದ ಉಪಾಧ್ಯಾಯಿನಿಯೊಬ್ಬರು. ವಯಸ್ಸು ಅರವತ್ತೊಂದು. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಮೂವತ್ತು ವರ್ಷವೂ ಅವರು ಕರಿಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಿಂದ ಹಿಮನದಿಯನ್ನೂ ಕೆಂಪು ಸೀಮೆಸುಣ್ಣದಿಂದ ಜ್ವಾಲಾಮುಖಿಯನ್ನೂ ಬರೆದಿದ್ದರು. ಒಂದನ್ನಾದರೂ ಕಣ್ಣಿನಿಂದ ಕಂಡಿರಲಿಲ್ಲ. ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು, "ಟೀಚರ್, ಹಿಮನದಿ ಹರಿಯುವಾಗ ಸದ್ದು ಬರುತ್ತದೆಯೇ?" ಎಂದು ಕೇಳಿದ್ದಳಂತೆ. ಪುಸ್ತಕದಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯು ಮಾತ್ರ ಅವರ ಮನಸ್ಸಿನಲ್ಲಿ ಸಾಲದಂತೆ ಉಳಿದಿತ್ತು.

ಬೆಂಕಿಯನ್ನೂ ಹಿಮವನ್ನೂ ಒಟ್ಟಿಗೆ ನೋಡಬೇಕೆನ್ನುವವರಿಗೆ ಐಸ್‌ಲ್ಯಾಂಡಿಗಿಂತ ಅನುಕೂಲವಾದ ದೇಶವಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ, ಅಮೆರಿಕದ ಭೂಫಲಕವೂ ಯುರೋಪಿನ ಭೂಫಲಕವೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಒಂದನ್ನೊಂದು ಅಗಲುತ್ತಿರುವ ಬಿರುಕಿನ ಮೇಲೆಯೇ ಈ ದ್ವೀಪವು ಕುಳಿತಿದೆ. ವಿಸ್ತಾರದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯಾದರೋ ನಾಲ್ಕು ಲಕ್ಷದ ಒಳಗೆ. ದ್ವೀಪದ ಆಗ್ನೇಯ ಭಾಗವನ್ನು ವಾತ್ನಯೋಕುಲ್ ಎಂಬ ಹಿಮರಾಶಿಯು ಮುಚ್ಚಿದೆ. ಅದು ನಮ್ಮ ಮೈಸೂರು ಜಿಲ್ಲೆಗಿಂತ ವಿಸ್ತಾರವಾದುದು, ಮತ್ತು ಅದರ ಅಡಿಯಲ್ಲಿ ಜ್ವಾಲಾಮುಖಿಗಳಿವೆ. ದ್ವೀಪವನ್ನು ಸುತ್ತಿಬರುವ ಒಂದನೆಯ ನಂಬರಿನ ರಸ್ತೆಯು ಸುಮಾರು 1,320 ಕಿಲೋಮೀಟರು ಉದ್ದವಿದ್ದು, 1974ರ ಜುಲೈ ತಿಂಗಳಲ್ಲಿ ದಕ್ಷಿಣದ ದೊಡ್ಡ ಸೇತುವೆಯು ಮುಗಿದಾಗ ಮೊದಲ ಬಾರಿಗೆ ಉಂಗುರದಂತೆ ಕೂಡಿಕೊಂಡಿತು. ಇಂಗ್ಲೆಂಡಿನಲ್ಲಿದ್ದ ಮಗನು ಬಂದು ಸೇರುವುದೆಂದೂ, ತಾಯಿ ಮಗ ಇಬ್ಬರೂ ಸರದಿಯ ಮೇಲೆ ಗಾಡಿಯನ್ನು ನಡೆಸುತ್ತ ಎಂಟು ದಿನಗಳಲ್ಲಿ ಈ ಉಂಗುರವನ್ನು ಸುತ್ತುವುದೆಂದೂ ಗೊತ್ತಾಗಿತ್ತು.

ಹೊರಡಲು ಮೂರು ವಾರಗಳಿರುವಾಗ ಮಗನಿಂದ ಫೋನು ಬಂದಿತು. "ಅಮ್ಮ, ರಜ ಸಿಕ್ಕಲಿಲ್ಲ. ಈ ವರ್ಷ ಬಿಟ್ಟುಬಿಡು. ಮುಂದಿನ ವರ್ಷ ಇಬ್ಬರೂ ಹೋಗೋಣ" ಎಂದನು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ವರ್ಷಕ್ಕೆ ನನಗೆ ಅರವತ್ತೆರಡು, ಕಂದ. ಆ ಹಿಮನದಿಯೂ ಒಂದಿಷ್ಟು ಹಿಂದಕ್ಕೆ ಸರಿದಿರುತ್ತದೆ. ನಾನು ಹೋಗಿ ಬರುತ್ತೇನೆ" ಎಂದರು. ಮಗನು ವಾದಿಸಿದನು, ಭಾವಮೈದುನರು ಬಂದು ಬುದ್ಧಿ ಹೇಳಿದರು, ನೆರೆಮನೆಯವರು ಹಣವೆಷ್ಟಾಯಿತೆಂದು ಕೇಳಿದರು. ಒಪ್ಪಿದವರು ಒಬ್ಬರೇ, ಎಂಬತ್ತಾರು ವರ್ಷದ ಸೋದರತ್ತೆ. ದ್ವೀಪದ ಸುತ್ತ ರಸ್ತೆಯಿದೆಯೆಂಬುದನ್ನು ಕೇಳಿ ಆ ವೃದ್ಧೆಯು, "ಸುತ್ತಿಬರುವುದಾದರೆ ಪ್ರದಕ್ಷಿಣೆ ಅನ್ನು. ಪ್ರದಕ್ಷಿಣೆಗೆ ಜೊತೆ ಯಾಕೆ? ಹೋಗಿ ಬಾ, ಮಗೂ" ಎಂದರು.

ಇಂದಿನ ಕಾಲದಲ್ಲಿ ಸಮುದ್ರೋಲ್ಲಂಘನಕ್ಕೆ ಪ್ರಾಯಶ್ಚಿತ್ತವು ಹೊರಡುವ ಮೊದಲೇ ಆಗುತ್ತದೆ. ಅದರ ಹೆಸರು ಕಾಗದಪತ್ರ. ಐಸ್‌ಲ್ಯಾಂಡ್ ದೇಶವು 2001ರಿಂದ ಷೆಂಗೆನ್ ಒಕ್ಕೂಟದ ಗಡಿವ್ಯವಸ್ಥೆಗೆ ಸೇರಿರುವುದರಿಂದ ಆ ಒಕ್ಕೂಟದ ವೀಸಾ ಬೇಕು. ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಬ್ಯಾಂಕಿನ ಲೆಕ್ಕ ಬೇಕು. ಮರಳಿ ಬರುವ ಟಿಕೆಟ್ಟು ಬೇಕು. ಗಾಡಿಯನ್ನು ನಡೆಸುವುದಕ್ಕೆ 1949ರ ಜಿನೀವಾ ಒಡಂಬಡಿಕೆಯ ಮೇರೆಗೆ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಆರ್.ಟಿ.ಓ. ಕಚೇರಿಯಿಂದ ಪಡೆದರು. ಅಲ್ಲಿಯ ಗುಮಾಸ್ತೆಯು ಅರ್ಜಿಯನ್ನು ನೋಡಿ, "ಮಗನ ಹೆಸರಿನ ಅರ್ಜಿ ಎಲ್ಲಿ, ಮೇಡಂ?" ಎಂದು ಕೇಳಿದನು. ಅವರು ನಕ್ಕು ತಮ್ಮ ಹೆಸರನ್ನೇ ಬೆರಳಿಟ್ಟು ತೋರಿಸಿದರು.

ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ, ಎರಡು ವಿಮಾನಗಳನ್ನು ಬದಲಾಯಿಸಿ, ಒಂದು ರಾತ್ರಿಯ ನಿದ್ರೆಯನ್ನು ಪೂರ್ತಿಯಾಗಿ ಕಳೆದುಕೊಂಡು ಕೆಫ್ಲಾವಿಕ್ ನಿಲ್ದಾಣದಲ್ಲಿ ಇಳಿದರು. ಒಂಟಿ ಪ್ರಯಾಣದ ಮೊದಲ ವಿವೇಕವು ಅಲ್ಲಿ ಕಾಣಿಸಿತು. ಗಾಡಿಯು ಅಂದೇ ಸಿದ್ಧವಾಗಿದ್ದಿತು. ಆ ದಿನದ ಬಾಡಿಗೆಯೂ ಸಂದಿತ್ತು. ಆದರೂ ಬೀಗದ ಕೈಯನ್ನು ಬೆಳಗ್ಗೆ ತೆಗೆದುಕೊಳ್ಳುವುದಾಗಿ ಹೇಳಿ, ನಿಲ್ದಾಣದ ಬಳಿಯ ಸಣ್ಣ ವಸತಿಗೃಹಕ್ಕೆ ಹೋಗಿ, ತಂದಿದ್ದ ಅವಲಕ್ಕಿಯನ್ನು ಬಿಸಿನೀರಿನಲ್ಲಿ ನೆನೆಸಿ ತಿಂದು ಮಲಗಿದರು. ನಿದ್ದೆಗೆಟ್ಟವನು ಗಾಡಿಯನ್ನು ನಡೆಸುವುದಕ್ಕೂ ಮದ್ಯಪಾನ ಮಾಡಿದವನು ನಡೆಸುವುದಕ್ಕೂ ಹೆಚ್ಚು ಅಂತರವಿಲ್ಲ. ಜೊತೆಗಾರನಿದ್ದರೆ ಚಕ್ರವನ್ನು ಅವನಿಗೆ ಕೊಟ್ಟು ತೂಕಡಿಸಬಹುದು. ಒಬ್ಬರೇ ಇರುವಾಗ ಮೈಯ ಆಯಾಸದ ಲೆಕ್ಕವನ್ನೂ ತಾವೇ ಇಡಬೇಕು.

ಮರುದಿನ ಮುಂಜಾನೆ ಎಡಬಲಗಳ ಪಾಠವು ಮೊದಲಾಯಿತು. ನಮ್ಮ ದೇಶದಲ್ಲಿ ವಾಹನಗಳು ಎಡಗಡೆಯಲ್ಲಿ ನಡೆಯುತ್ತವೆ. ಐಸ್‌ಲ್ಯಾಂಡಿನಲ್ಲಿಯೂ ಒಂದು ಕಾಲಕ್ಕೆ ಹಾಗೆಯೇ ಇದ್ದಿತು. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶವು ಎಡದಿಂದ ಬಲಕ್ಕೆ ಬದಲಾಯಿತು. ಮರುವರ್ಷ ಮೇ 26ರಂದು ಐಸ್‌ಲ್ಯಾಂಡ್ ಅದನ್ನು ಅನುಸರಿಸಿತು. ಒಂದು ದೇಶದ ಜನರೆಲ್ಲರೂ ಒಂದು ಬೆಳಗ್ಗೆ ಹಳೆಯ ಅಭ್ಯಾಸವನ್ನು ಬಿಟ್ಟು ಹೊಸದನ್ನು ಹಿಡಿಯಬಲ್ಲರಾದರೆ ಒಬ್ಬ ಹೆಂಗಸಿಗೆ ಏಕೆ ಆಗದೆಂದು ಅವರು ತಮಗೆ ತಾವೇ ಹೇಳಿಕೊಂಡರು. ಆದರೆ ಅಭ್ಯಾಸವು ಬುದ್ಧಿಯಲ್ಲಿರುವುದಿಲ್ಲ, ಕೈಯಲ್ಲಿರುತ್ತದೆ. ಗೇರನ್ನು ಬದಲಿಸಲು ಎಡಗೈಯನ್ನು ಚಾಚಿದರೆ ಬಾಗಿಲಿಗೆ ತಗಲಿತು. ತಿರುವಿನ ಸೂಚನೆಯನ್ನು ಕೊಡಲು ಹೋದರೆ, ಒಣಗಿದ ಗಾಜಿನ ಮೇಲೆ ಮಳೆ ಒರೆಸುವ ಕಡ್ಡಿಯು ಆಡತೊಡಗಿತು. ಅರ್ಧ ಗಂಟೆಯವರೆಗೆ ಆ ಖಾಲಿ ಬಯಲಿನಲ್ಲಿಯೇ ಗಾಡಿಯನ್ನು ಸುತ್ತಿಸಿ, ಪ್ರತಿ ತಿರುವಿನಲ್ಲಿಯೂ "ಬಲ, ಬಲ" ಎಂದು ಗಟ್ಟಿಯಾಗಿ ಹೇಳಿಕೊಂಡರು. ಹುಡುಗಿಯರಿಗೆ ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಗಂಟಲು ಈಗ ತನಗೇ ಮಗ್ಗಿಯನ್ನು ಹೇಳಿಕೊಟ್ಟಿತು.

ಅಂದು ದಕ್ಷಿಣದ ಕಡಲತೀರವನ್ನು ಹಿಡಿದು ವೀಕ್ ಎಂಬ ಹಳ್ಳಿಯನ್ನು ಮುಟ್ಟಿದರು. ಆ ದೇಶದ ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರು ಮೀರುವಂತಿಲ್ಲ. ಹಗಲಿನಲ್ಲಿಯೂ ದೀಪಗಳನ್ನು ಹಚ್ಚಿಯೇ ಇರಬೇಕು. ರಸ್ತೆಯ ಅಂಚಿನಿಂದ ಹೊರಗೆ ಗಾಡಿಯನ್ನು ಇಳಿಸುವುದು ಅಪರಾಧ. ಅಲ್ಲಿಯ ಪಾಚಿಯು ಒಮ್ಮೆ ಹರಿದರೆ ಮತ್ತೆ ಹಬ್ಬಿಕೊಳ್ಳಲು ದಶಕಗಳು ಬೇಕು. ಗಾಡಿಯನ್ನು ಬಾಡಿಗೆಗೆ ಕೊಟ್ಟವರು ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರಿಸಿದ್ದು ಕಳ್ಳರ ವಿಷಯವನ್ನಲ್ಲ, ಗಾಳಿಯ ವಿಷಯವನ್ನು. ಬಾಗಿಲನ್ನು ತೆರೆಯುವಾಗ ಕೈಯಿಂದ ಬಿಗಿಯಾಗಿ ಹಿಡಿಯದಿದ್ದರೆ ಗಾಳಿಯು ಅದನ್ನು ಕೀಲುಸಹಿತವಾಗಿ ಮುರಿದುಬಿಡುತ್ತದೆ. ಹಲವು ಕಡೆಗಳಲ್ಲಿ ಸೇತುವೆಗಳು ಒಂದೇ ಗಾಡಿಯ ಅಗಲಕ್ಕಿವೆ. ಮೊದಲು ಬಂದವರು ಮೊದಲು ದಾಟುವುದು ಅಲ್ಲಿಯ ವಾಡಿಕೆ. ಎದುರಿನವರು ತಡೆದು ನಿಂತು ದೀಪವನ್ನು ಮಿನುಗಿಸುತ್ತಾರೆ, ದಾಟಿದವರು ಕೈಯೆತ್ತಿ ವಂದಿಸುತ್ತಾರೆ. ಇಡೀ ದಿನ ಮನುಷ್ಯರೊಡನೆ ಅವರಿಗೆ ನಡೆದ ಸಂಭಾಷಣೆಯು ಬಹುಮಟ್ಟಿಗೆ ಇಷ್ಟೇ. ಒಂಟಿತನವು ಭಯವನ್ನು ತರುವುದೆಂದು ಅವರು ತಿಳಿದಿದ್ದರು. ಅದು ತಂದುದು ಕಿವಿಯನ್ನು. ಚಕ್ರದ ಸದ್ದು, ಜಲ್ಲಿಯ ಸದ್ದು, ಗಾಳಿಯು ಗಾಜಿನ ಸಂದಿನಲ್ಲಿ ಮಾಡುವ ಸದ್ದು ಎಲ್ಲವೂ ಬೇರೆ ಬೇರೆಯಾಗಿ ಕೇಳತೊಡಗಿದುವು.

ಮೂರನೆಯ ದಿನ ಅವರು ವಿಸ್ತಾರವಾದ ಲಾವಾ ಬಯಲೊಂದನ್ನು ದಾಟಿದರು. ಮೇಲೆಲ್ಲ ದಪ್ಪನಾದ ಹಸುರು ಬೂದು ಪಾಚಿ. ಒಳಗೆಲ್ಲ ಕರಿಯ ಕಲ್ಲು. 1783ರ ಜೂನ್ ತಿಂಗಳಲ್ಲಿ ಲಾಕಿ ಎಂಬಲ್ಲಿ ನೆಲವು ಬಿರಿದು, ಎಂಟು ತಿಂಗಳ ಕಾಲ ಕರಗಿದ ಬಂಡೆಯು ಹರಿದುದರ ಗುರುತು ಅದು. ವಿಷದ ಹೊಗೆಯಿಂದ ಹುಲ್ಲು ಕೆಟ್ಟಿತು, ದನಕುರಿಗಳು ಸತ್ತುವು, ಹಿಂದೆಯೇ ಬಂದ ಕ್ಷಾಮದಲ್ಲಿ ಆ ದೇಶದ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನಾಶವಾಯಿತು. ಆ ಬಯಲಿನ ಅಂಚಿನಲ್ಲಿರುವ ಹಳ್ಳಿಯ ಹೆಸರು ಕಿರ್ಕ್ಯುಬೈಯರ್‌ಕ್ಲೌಸ್ತುರ್. ನಾಲಗೆಗೆ ಕಠಿನವಾದರೂ ಸಂಸ್ಕೃತವನ್ನು ಓದಿದವರಿಗೆ ಇದು ಸುಲಭವೇ. ಚರ್ಚಿನ ಹಳ್ಳಿಯ ಮಠ ಎಂಬ ಷಷ್ಠೀ ತತ್ಪುರುಷ ಸಮಾಸ. 1783ರ ಜುಲೈ 20ರಂದು ಲಾವಾ ಪ್ರವಾಹವು ಹಳ್ಳಿಯ ಕಡೆಗೆ ಬರುತ್ತಿರುವಾಗ ಯೋನ್ ಸ್ಟೈನ್‌ಗ್ರಿಮ್ಸನ್ ಎಂಬ ಪಾದ್ರಿಯು ಜನರನ್ನು ಚರ್ಚಿನೊಳಗೆ ಕೂಡಿಸಿ ಪ್ರಾರ್ಥನೆಯನ್ನು ನಡೆಸಿದನು. ಹೊರಗೆ ಬಂದು ನೋಡಿದಾಗ ಪ್ರವಾಹವು ಮುಂದುವರಿಯದೆ ನಿಂತಿತ್ತು. ಆ ಉಪದೇಶವನ್ನು ಅಲ್ಲಿಯವರು ಇಂದಿಗೂ ಬೆಂಕಿಯ ಉಪದೇಶವೆಂದು ಸ್ಮರಿಸುತ್ತಾರೆ.

ಆ ಹಳ್ಳಿಯಲ್ಲಿಯೇ ಉಪಾಧ್ಯಾಯಿನಿಯ ಪ್ರಯಾಣವೂ ನಿಂತಿತು. ರಸ್ತೆಗೆ ಅಡ್ಡಲಾಗಿ ತಡೆಗಂಬವನ್ನು ಇಳಿಸಿದ್ದರು. ಬಳಿಯಲ್ಲಿ ಕೆಂಪು ಅಂಗಿಯ ತರುಣನೊಬ್ಬನು ನಿಂತಿದ್ದನು. ವೇತನವಿಲ್ಲದೆ ಸೇವೆ ಮಾಡುವ ರಕ್ಷಣಾದಳದವನು. ಅಂತಹ ದಳಗಳು ಆ ದೇಶದಲ್ಲೆಲ್ಲ ಇವೆ. ಅವುಗಳಲ್ಲಿರುವವರು ರೈತರು, ಬಡಗಿಗಳು, ಉಪಾಧ್ಯಾಯರು. "ಮುಂದೆ ಮರಳುಬಯಲು. ಗಾಳಿ ಗಾಡಿಯನ್ನೇ ಮಗುಚುತ್ತದೆ" ಎಂದನು. "ಯಾವಾಗ ತೆರೆಯುತ್ತೀರಿ?" ಎಂದು ಇವರು ಕೇಳಿದರು. ಅವನು ಪೂರ್ವದಿಕ್ಕಿಗೆ ಕೈಯನ್ನು ತೋರಿಸಿ, "ಅದನ್ನು ಗಾಳಿಯೇ ಹೇಳಬೇಕು" ಎಂದನು.

ಗಾಳಿಯು ಮೂರು ರಾತ್ರಿ ಏನನ್ನೂ ಹೇಳಲಿಲ್ಲ. ಒಂದು ಬಿರುಗಾಳಿಯು ಮುಗಿಯುತ್ತಿದ್ದ ಹಾಗೆಯೇ ಮತ್ತೊಂದು ಬಂದಿತು. ವಸತಿಗೃಹದ ಒಡತಿಯು ಇವರನ್ನು ಬರಿಯ ಹೆಸರಿನಿಂದ ಕರೆದಳು. ಮೊದಲು ಇದು ಇವರಿಗೆ ವಿಚಿತ್ರವಾಗಿ ತೋರಿತು. ಆಮೇಲೆ ಆ ದೇಶದಲ್ಲಿ ಬಹುಮಂದಿಗೆ ಮನೆತನದ ಹೆಸರೇ ಇಲ್ಲವೆಂದೂ, ತಂದೆಯ ಅಥವಾ ತಾಯಿಯ ಹೆಸರಿಗೆ ಮಗ, ಮಗಳು ಎಂಬ ಪದವನ್ನು ಸೇರಿಸುತ್ತಾರೆಂದೂ, ರಾಷ್ಟ್ರಾಧ್ಯಕ್ಷರನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆಂದೂ ತಿಳಿಯಿತು. ಎಷ್ಟೋ ವರ್ಷಗಳಿಂದ ಅವರನ್ನು ಟೀಚರ್ ಎಂದೋ, ಅಮ್ಮ ಎಂದೋ, ಇಂತಹವರ ಮನೆಯವರೆಂದೋ ಅಲ್ಲದೆ ಹೆಸರು ಹಿಡಿದು ಕರೆದವರಿರಲಿಲ್ಲ.

ಆರನೆಯ ದಿನ ಬೆಳಗ್ಗೆ ತಡೆಗಂಬವನ್ನು ಎತ್ತಿದರು. ಆಗ ನಿಜವಾದ ಕಷ್ಟವು ಎದುರಾಯಿತು. ಉಳಿದುದು ಎರಡು ದಿನ; ಎಂಟನೆಯ ದಿನ ವಿಮಾನ. ಉಂಗುರವನ್ನು ಮುಗಿಸಬೇಕಾದರೆ ಇನ್ನೂ 1,060 ಕಿಲೋಮೀಟರು. ದಿನಕ್ಕೆ ಐನೂರಕ್ಕಿಂತ ಹೆಚ್ಚು. ಪೂರ್ವದ ಘಟ್ಟಗಳಲ್ಲಿ ಹಿಮ ಬೀಳುವ ಸೂಚನೆಯೂ ಬಂದಿತ್ತು. ಅಸಾಧ್ಯವೆಂದು ಹೇಳುವಂತಿರಲಿಲ್ಲ; ತರುಣರಿಬ್ಬರು ಅದೇ ಮಾರ್ಗವಾಗಿ ನಗುನಗುತ್ತ ಹೊರಟುಹೋದರು. ಜೊತೆಗೆ ಯಾರಾದರೂ ಇದ್ದಿದ್ದರೆ ಅವರು ತಡೆಯಬಹುದಾಗಿತ್ತು, ಇವರು ಹೋಗೋಣವೆಂದು ಹಟ ಮಾಡಬಹುದಾಗಿತ್ತು, ಕೊನೆಗೆ ಸೋತು ಒಪ್ಪಿಕೊಳ್ಳಬಹುದಾಗಿತ್ತು. ಒಬ್ಬರೇ ಇರುವಾಗ ಆ ವಾದಿ ಪ್ರತಿವಾದಿಗಳಿಬ್ಬರೂ ತಾವೇ, ನ್ಯಾಯಾಧಿಪತಿಯೂ ತಾವೇ. ಊರಿಗೆ ಹೋದ ಮೇಲೆ ಕೇಳುವವರ ಮುಖಗಳು ಕಣ್ಣಿನ ಮುಂದೆ ಸುಳಿದುವು. "ಸುತ್ತಿಬಂದಿರಾ?" ಎಂದು ಅವರೆಲ್ಲರೂ ಕೇಳಿಯೇ ಕೇಳುತ್ತಾರೆ. ಗಾಡಿಯಲ್ಲಿ ಕುಳಿತು, ಚಕ್ರದ ಮೇಲೆ ಕೈಯಿಟ್ಟು, ತಾವು ಬಂದುದು ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೋ, ಹಿಂದೊಮ್ಮೆ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೋ ಎಂದು ಆಲೋಚಿಸಿದರು. ಬಳಿಕ ಮಗನಿಗೆ ಫೋನು ಮಾಡಿ, "ಹಿಮಸರೋವರದವರೆಗೆ ಹೋಗಿ ಹಿಂದಕ್ಕೆ ಬಂದುಬಿಡುತ್ತೇನೆ" ಎಂದು ಹೇಳಿದರು.

ಮರಳುಬಯಲು ಅಂದು ಶಾಂತವಾಗಿದ್ದಿತು. 1996ರ ಸೆಪ್ಟೆಂಬರ್ ಕೊನೆಯಲ್ಲಿ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿಯು ಎದ್ದು, ಕರಗಿದ ನೀರು ಐದು ವಾರಗಳ ಕಾಲ ಒಳಗೆ ಸಂಗ್ರಹವಾಗಿ, ನವೆಂಬರ್ 5ರಂದು ಒಮ್ಮೆಲೇ ಹೊರಗೆ ನುಗ್ಗಿ ಇಲ್ಲಿಯ ರಸ್ತೆಯನ್ನೂ ಸೇತುವೆಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ರಸ್ತೆಯನ್ನು ಮೊದಲೇ ಮುಚ್ಚಿದ್ದುದರಿಂದ ಮನುಷ್ಯರಾರೂ ಸಾಯಲಿಲ್ಲ. ಹಗ್ಗದಂತೆ ತಿರುಚಿಹೋದ ಉಕ್ಕಿನ ತೊಲೆಗಳನ್ನು ಮಾರ್ಗದ ಪಕ್ಕದಲ್ಲಿ ಸ್ಮಾರಕವಾಗಿ ಇಟ್ಟಿದ್ದಾರೆ. ಅಲ್ಲಿಗೆ ಸಮೀಪದಲ್ಲಿಯೇ 1974ರಲ್ಲಿ ಉಂಗುರವನ್ನು ಕೂಡಿಸಿದ ಆ ಉದ್ದನೆಯ ಸೇತುವೆ. ನದಿಯು 2009ರಲ್ಲಿ ಪಾತ್ರವನ್ನು ಬದಲಿಸಿ ಬೇರೆಡೆಗೆ ಹೋದುದರಿಂದ ಅದರ ಕೆಳಗೆ ಈಗ ನೀರಿಲ್ಲ. ಮೂರು ದಿನ ತಮ್ಮನ್ನು ತಡೆದ ಕಂಬದ ಬಗೆಗೆ ಉಪಾಧ್ಯಾಯಿನಿಯ ಮನಸ್ಸಿನಲ್ಲಿ ಉಳಿದಿದ್ದ ಸ್ವಲ್ಪ ಅಸಮಾಧಾನವು ಆ ತೊಲೆಗಳ ಮುಂದೆ ಕರಗಿಹೋಯಿತು.

ಮಧ್ಯಾಹ್ನಕ್ಕೆ ಯೋಕುಲ್ಸಾರ್ಲೋನ್ ಎಂಬ ಸರೋವರವನ್ನು ಮುಟ್ಟಿದರು. ಹಿಮನದಿಯು ಹಿಂದಕ್ಕೆ ಸರಿಯುತ್ತ ಬಂದುದರಿಂದ 1930ರ ದಶಕದಲ್ಲಿ ರೂಪುಗೊಳ್ಳತೊಡಗಿದ ಸರೋವರವಿದು; ಈಗ ಅದರ ಆಳವು 200 ಮೀಟರುಗಳನ್ನು ಮೀರಿದೆ. ಮನೆಯಷ್ಟು ದೊಡ್ಡ ಮಂಜಿನ ಗಡ್ಡೆಗಳು ನೀಲಿಯಾಗಿ, ಬಿಳಿಯಾಗಿ, ಬೂದಿಯ ಕರಿಯ ಗೆರೆಗಳೊಡನೆ ತೇಲುತ್ತಿದ್ದುವು. ಅವರು ದಡದಲ್ಲಿ ಕಲ್ಲಿನ ಮೇಲೆ ಕುಳಿತು ಎರಡು ಗಂಟೆಗಳ ಕಾಲ ಕೇಳಿದರು. ಹೌದು, ಸದ್ದು ಇದ್ದಿತು. ಒಮ್ಮೆ ಒಣಸೌದೆಯು ಸಿಡಿದಂತೆ, ಒಮ್ಮೆ ದೂರದಲ್ಲಿ ಗುಡುಗಿದಂತೆ, ನಡುನಡುವೆ ಹತ್ತಿರದ ಗಡ್ಡೆಗಳಿಂದ ಹುಗ್ಗಿಯು ಕುದಿಯುವಾಗಿನ ಸಣ್ಣ ಗುಳುಗುಳು. ಹಿಮದೊಳಗೆ ಬಹುಕಾಲದಿಂದ ಸೆರೆಯಾಗಿದ್ದ ಗಾಳಿಯು ಬಿಡುಗಡೆಯಾಗುವ ಸದ್ದು ಅದು. ಪ್ರಶ್ನೆ ಕೇಳಿದ ಹುಡುಗಿಯು ಈಗ ಎಲ್ಲಿರುವಳೋ!

ಸರೋವರದ ನೀರು ಒಂದು ಕಿರಿದಾದ ಕಾಲುವೆಯಾಗಿ, ಗಡ್ಡೆಗಳನ್ನು ಹೊತ್ತುಕೊಂಡು, ರಸ್ತೆಯ ಸೇತುವೆಯ ಕೆಳಗೆ ಹಾದು ಕಡಲನ್ನು ಸೇರುತ್ತದೆ. ಸೇತುವೆಯು ಒಂದೇ ಗಾಡಿಯ ಅಗಲಕ್ಕಿದೆ. ಹೊರಡುವಾಗ ಅವರು ಅದರ ಮುಂದೆ ಬಂದು ನಿಂತರು; ಎದುರಿನ ತುದಿಯಲ್ಲಿ ಯಾರೋ ತಡೆದು ನಿಂತು, ನೀವು ಮೊದಲು ಬನ್ನಿರೆಂದು ದೀಪವನ್ನು ಮಿನುಗಿಸಿದರು. ಇವರು ಕೈಯೆತ್ತಿ ವಂದಿಸಿ, ಗಾಡಿಯನ್ನು ಹಿಂದಕ್ಕೆ ತಿರುಗಿಸಿಕೊಂಡರು.

ಊರಿಗೆ ಬಂದ ಮೇಲೆ ನಿರೀಕ್ಷಿಸಿದಂತೆಯೇ ಆಯಿತು. ಸುತ್ತು ಪೂರ್ತಿಯಾಗಲಿಲ್ಲವೆಂದು ಕೇಳಿ ಕೆಲವರು ಮರುಗಿದರು. ಅಷ್ಟು ಹಣವನ್ನು ಖರ್ಚು ಮಾಡಿ ಅರ್ಧಕ್ಕೆ ಬಂದರೆಂದು ಕೆಲವರು ಹಿಂದಿನಿಂದ ಆಡಿಕೊಂಡರು. ಸೋದರತ್ತೆಯವರು ಮಾತ್ರ ಎಲ್ಲವನ್ನೂ ಸಾವಧಾನವಾಗಿ ಕೇಳಿ, "ನೀರು ಹೊರಗೆ ಹರಿಯುವ ಕಾಲುವೆಯ ತನಕ ಹೋಗಿ ತಿರುಗಿದೆಯೋ?" ಎಂದು ವಿಚಾರಿಸಿದರು. ಹೌದೆಂದ ಮೇಲೆ, "ಶಿವಾಲಯದಲ್ಲಿ ಮಾಡುವುದೂ ಹಾಗೆಯೇ ಅಲ್ಲವೇ? ಅಭಿಷೇಕದ ನೀರು ಹೋಗುವ ಗೋಮುಖವನ್ನು ದಾಟುವ ಹಾಗಿಲ್ಲ. ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ತಿರುಗಬೇಕು. ಹೋಗುವಾಗ ಆ ದ್ವೀಪ ನಿನ್ನ ಎಡಕ್ಕಿತ್ತು, ಬರುವಾಗ ಬಲಕ್ಕೆ ಬಂತು. ಇನ್ನೇನು ಬಾಕಿ?" ಎಂದರು. ಸೋಮಸೂತ್ರವನ್ನು ದಾಟಬಾರದೆಂಬ ಆಗಮದ ವಿಧಿಯನ್ನು ಆ ವೃದ್ಧೆಯು ಪುಸ್ತಕದಿಂದ ಕಲಿತವರಲ್ಲ. ಎಂಬತ್ತು ವರ್ಷ ದೇವಸ್ಥಾನದ ಕಲ್ಲುಹಾಸಿನ ಮೇಲೆ ನಡೆದು ಕಲಿತವರು.

ಸಂನ್ಯಾಸಿಯು ಏಕಾಕಿಯಾಗಿ ಸಂಚರಿಸಬೇಕೆಂದು ಶಾಸ್ತ್ರವು ವಿಧಿಸಿದೆ. ಗೃಹಸ್ಥರಿಗೆ ಅಂತಹ ವಿಧಿಯಿಲ್ಲ. ಆದರೂ ಗೃಹಸ್ಥಜೀವನದ ಭಾರವನ್ನು ಇಳಿಸಿದವರು ಒಂದು ಸಲವಾದರೂ ಒಂಟಿಯಾಗಿ, ತಮ್ಮ ಕೈಯಲ್ಲಿಯೇ ಕಡಿವಾಣವನ್ನು ಹಿಡಿದು, ಅರಿಯದ ಮಾರ್ಗದಲ್ಲಿ ಹೋಗಿಬರುವುದು ಹಿತಕರವಾದುದೇ. ಮುಂದೆ ಹೋಗುವ ಧೈರ್ಯವನ್ನು ಇತರರೂ ನಮಗೆ ತುಂಬಬಲ್ಲರು. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂಬ ನಿರ್ಣಯವನ್ನಾದರೋ, ನೋಡುವವರಾರೂ ಇಲ್ಲದ ಕಡೆಯಲ್ಲಿ, ತಾನೇ ಮಾಡಿ ಅಭ್ಯಾಸಮಾಡಿಕೊಳ್ಳಬೇಕು. ಮೂವತ್ತು ವರ್ಷ ಭೂಪಟದಲ್ಲಿ ಗಡಿಗಳನ್ನು ಎಳೆದ ಕೈಗೆ ತನ್ನ ಗಡಿಯನ್ನು ತಾನೇ ಎಳೆದುಕೊಳ್ಳುವುದು ಆ ಸೇತುವೆಯ ಮುಂದೆ ಸಾಧ್ಯವಾಯಿತು. ಅಂತಹ ಪ್ರಯಾಣವನ್ನು ಅರ್ಧವೆಂದು ಕರೆಯುವುದು ಕಿಲೋಮೀಟರುಗಳ ಲೆಕ್ಕದಲ್ಲಿ ಮಾತ್ರ.